ಪ್ರಯಾಣದ ದಾಖಲೆ ಪ್ರಯಾಣಿಕರ ಕೈಗೂ ಸಿಗಲಿ

ಮಾನ್ಯ ಸಂಪಾದಕರೇ,

ಹೊರದೇಶಗಳಲ್ಲಿ ನೆಲೆಸಿರುವ ಕನ್ನಡಿಗರು ಅಲ್ಲಿನ ಪೌರತ್ವ ಪಡೆಯುವ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಈಚೆಗೆ ಪ್ರಕಟವಾದ ಬರಹದಲ್ಲಿ ಭಾಷಾ ಪರೀಕ್ಷೆ, ಶುಲ್ಕ, ಪ್ರಮಾಣವಚನಗಳ ವಿವರ ಚೆನ್ನಾಗಿಯೇ ಇತ್ತು. ಆದರೆ ಅರ್ಜಿದಾರರನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಷರತ್ತು, ಅಂದರೆ ಇಂತಿಷ್ಟು ದಿನ ಆ ದೇಶದ ನೆಲದ ಮೇಲೆಯೇ ಇದ್ದೆನೆಂದು ದಾಖಲೆ ಸಮೇತ ತೋರಿಸಬೇಕಾದದ್ದು, ಒಂದೇ ಸಾಲಿನಲ್ಲಿ ಮುಗಿದುಹೋಗಿತ್ತು. ದಾವಣಗೆರೆಯಲ್ಲಿ ಬಹುಕಾಲದಿಂದ ತೆರಿಗೆ ಸಲಹೆಗಾರನಾಗಿರುವ ನನ್ನ ಬಳಿಗೆ ರಿಟರ್ನ್ಸ್ ಸಲ್ಲಿಸಲೆಂದು ಬರುವ ಹಿರಿಯರು, ಟೊರೊಂಟೊದಲ್ಲೋ ಲಂಡನ್ನಿನಲ್ಲೋ ಇರುವ ಮಗ ಸೊಸೆಯರ ಈ ದಿನಗಳ ಲೆಕ್ಕವನ್ನೂ ಮಾತಿನ ನಡುವೆ ಮುಂದಿಡುತ್ತಾರೆ. ಲೆಕ್ಕ ಅಲ್ಲಿಯದಾದರೂ ಅದನ್ನು ಏರುಪೇರು ಮಾಡುವ ಕಾರಣಗಳು ಹೆಚ್ಚಾಗಿ ಇಲ್ಲಿ, ನಮ್ಮ ಮನೆಗಳಲ್ಲೇ ಹುಟ್ಟುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಊರಿನವರಿಂದ ಹೆಚ್ಚು ಕೇಳಿಬರುವುದು ಕೆನಡಾ. ಅಲ್ಲಿ ಪಿಆರ್, ಅಂದರೆ ಕಾಯಂ ವಾಸದ ಅನುಮತಿ ಪಡೆದ ವಯಸ್ಕರು ಪೌರತ್ವಕ್ಕೆ ಅರ್ಜಿ ಹಾಕಬೇಕಾದರೆ, ಅರ್ಜಿಯ ದಿನಾಂಕಕ್ಕೆ ಹಿಂದಿನ 5 ವರ್ಷಗಳಲ್ಲಿ ಕನಿಷ್ಠ 1,095 ದಿನ ಆ ದೇಶದೊಳಗೆ ಇದ್ದಿರಬೇಕು. ಪಿಆರ್ ಸಿಗುವ ಮೊದಲು ವಿದ್ಯಾರ್ಥಿಯಾಗಿಯೋ ವರ್ಕ್ ಪರ್ಮಿಟ್ ಮೇಲೋ ಕಳೆದ ಒಂದೊಂದು ದಿನವೂ ಅರ್ಧ ದಿನವೆಂದೇ ಲೆಕ್ಕಕ್ಕೆ ಬರುತ್ತದೆ. ಹಾಗೆ ಸಿಗುವ ಒಟ್ಟು ರಿಯಾಯಿತಿಯೂ 365 ದಿನ ದಾಟುವಂತಿಲ್ಲ. ಇಲ್ಲಿ ಇಂಜಿನಿಯರಿಂಗ್ ಮುಗಿಸಿ ಅಲ್ಲಿಗೆ ಎರಡು ವರ್ಷದ ಮೇಲ್ಮಟ್ಟದ ಓದಿಗೆ ಹೋಗುವ ಮಕ್ಕಳಿಗೆ ಆ ಎರಡು ವರ್ಷದಿಂದ ದಕ್ಕುವುದು ಒಂದೇ ವರ್ಷ, ಅದೂ ಓದಿನ ಅವಧಿ ಈ 5 ವರ್ಷಗಳ ಮಿತಿಯೊಳಗೆ ಬಿದ್ದರೆ ಮಾತ್ರ. ಈ ನಿಯಮ ಜಾರಿಗೆ ಬಂದದ್ದು 2017ರ ಅಕ್ಟೋಬರ್ 11ರಂದು. ಅದಕ್ಕೆ ಮುಂಚೆ, 2015ರ ಜೂನ್‌ನಿಂದ, 6 ವರ್ಷಗಳಲ್ಲಿ 1,460 ದಿನ ಇರಬೇಕಿತ್ತು. ಜೊತೆಗೆ ನಾಲ್ಕು ಕ್ಯಾಲೆಂಡರ್ ವರ್ಷಗಳಲ್ಲಿ ತಲಾ 183 ದಿನ ತುಂಬಬೇಕಿತ್ತು. ಆ ಹಳೆಯ ಅಂಕಿಗಳನ್ನೇ ಈಗಲೂ ಹೇಳುವ ಸಲಹೆಗಾರ ನೆಂಟರಿಗೆ ನಮ್ಮಲ್ಲಿ ಕೊರತೆಯಿಲ್ಲ.

2015ಕ್ಕೆ ಮೊದಲಿನ ಸ್ಥಿತಿ ಇನ್ನೂ ವಿಚಿತ್ರವಾಗಿತ್ತು. ಅರ್ಜಿದಾರರು ಮೂರು ವರ್ಷ ವಾಸವಾಗಿರಬೇಕು ಎಂದು ಕೆನಡಾದ ಕಾನೂನು ಹೇಳುತ್ತಿತ್ತೇ ಹೊರತು ವಾಸ ಎಂದರೇನೆಂದು ವಿವರಿಸಿರಲಿಲ್ಲ. ಓದಲೆಂದು ಅಮೆರಿಕಕ್ಕೆ ಹೋಗಿದ್ದ ವಿದ್ಯಾರ್ಥಿಯೊಬ್ಬರ ಬದುಕಿನ ನೆಲೆ ಕೆನಡಾದಲ್ಲೇ ಇತ್ತೆಂದು 1978ರಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯ ಒಪ್ಪಿತು. ಇಲ್ಲ, ದೇಶದೊಳಗೆ ಇದ್ದ ದಿನಗಳನ್ನಷ್ಟೇ ಎಣಿಸಬೇಕೆಂದು 1993ರಲ್ಲಿ ಅದೇ ನ್ಯಾಯಾಲಯದ ಇನ್ನೊಬ್ಬ ನ್ಯಾಯಮೂರ್ತಿ ಹೇಳಿದರು. ಇವೆರಡರ ನಡುವೆ, 1992ರಲ್ಲಿ, ಅರ್ಜಿದಾರರ ಬದುಕು ಯಾವ ದೇಶದಲ್ಲಿ ಬೇರೂರಿದೆ ಎಂದು ನೋಡುವ ಮತ್ತೊಂದು ಅಳತೆಯೂ ಬಂದಿತ್ತು. ಹೀಗಾಗಿ ಒಂದೇ ಬಗೆಯ ಅರ್ಜಿಯ ಹಣೆಬರಹ ಅದು ಯಾರ ಮೇಜಿಗೆ ಹೋಯಿತು ಎಂಬುದರ ಮೇಲೆ ನಿಂತಿರುತ್ತಿತ್ತು. ಈಗಿನ ಎಣಿಕೆ ಕಟುವೆಂದು ದೂರುವವರೊಂದಿಗೆ ನನಗೆ ಸಹಮತವಿಲ್ಲ. ಅಧಿಕಾರಿಯ ಮನೋಧರ್ಮವನ್ನು ಊಹಿಸುತ್ತ ಕೂರುವುದಕ್ಕಿಂತ ಕೂಡಿ ಕಳೆದು ನೋಡಬಹುದಾದ ಅಂಕಿಯೇ ಸಾಮಾನ್ಯ ಜನರಿಗೆ ಮೇಲು.

ಆದರೆ ಈ ಎಣಿಕೆಯಲ್ಲಿ ಎಲ್ಲರಿಗೂ ಸುಲಭವಾಗಿ ಹೊಳೆಯದ ಒಂದು ಸೂಕ್ಷ್ಮವಿದೆ. 5 ವರ್ಷಗಳ ಅವಧಿ ಪಿಆರ್ ಸಿಕ್ಕ ದಿನದಿಂದ ಮುಂದಕ್ಕೆ ಹೋಗುವಂಥದ್ದಲ್ಲ, ಅರ್ಜಿಯ ದಿನದಿಂದ ಹಿಂದಕ್ಕೆ ಹೋಗುವಂಥದ್ದು. ಅಲ್ಲಿಯೇ ಇದ್ದು ಅರ್ಜಿಯನ್ನು ಒಂದು ದಿನ ತಡಮಾಡಿದರೆ ಈ ತುದಿಯಲ್ಲಿ ಒಂದು ಹೊಸ ದಿನ ಸೇರಿ, ಆ ತುದಿಯಲ್ಲಿ ಒಂದು ಹಳೆಯ ದಿನ ಕಳಚಿ ಬೀಳುತ್ತದೆ. ಕಳಚಿದ್ದು ಇಲ್ಲಿಗೆ ಬಂದಿದ್ದ ರಜೆಯ ದಿನವಾದರೆ ಲಾಭ, ಅಲ್ಲಿದ್ದ ದಿನವಾದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದ್ದರಿಂದ 1,095 ತುಂಬಿದ ಮರುದಿನವೇ ಓಡಿಹೋಗಿ ಅರ್ಜಿ ಹಾಕುವ ಬದಲು ಕೆಲವು ವಾರ ತಾಳುವುದು ಜಾಣತನ. ಕನಿಷ್ಠಕ್ಕಿಂತ ಹೆಚ್ಚು ದಿನ ಇಟ್ಟುಕೊಂಡೇ ಅರ್ಜಿ ಹಾಕಿರೆಂದು ಅಲ್ಲಿನ ವಲಸೆ ಇಲಾಖೆಯೂ ಹೇಳುತ್ತದೆ, ಏಕೆಂದರೆ ನೆನಪಿನಿಂದ ಬರೆದ ಒಂದು ಪ್ರಯಾಣದ ದಿನಾಂಕ ತಪ್ಪಿದರೂ ಅಂಚಿನಲ್ಲಿರುವ ಅರ್ಜಿ ಬಿದ್ದುಹೋಗುತ್ತದೆ.

ಬೇರೆ ದೇಶಗಳಲ್ಲಿ ಲೆಕ್ಕದ ರೀತಿ ಬೇರೆ. ಅಮೆರಿಕದಲ್ಲಿ ಗ್ರೀನ್ ಕಾರ್ಡ್ ಇರುವವರು ಸಾಮಾನ್ಯವಾಗಿ 5 ವರ್ಷಗಳಲ್ಲಿ 30 ತಿಂಗಳು ದೇಶದೊಳಗೆ ಇರಬೇಕು. ಅದರ ಜೊತೆಗೆ ವಾಸ ಎಡೆಬಿಡದೆ ಸಾಗಿರಬೇಕೆಂಬ ಪ್ರತ್ಯೇಕ ಷರತ್ತೂ ಇದೆ. ಆಸ್ಟ್ರೇಲಿಯಾದಲ್ಲಿ ಹಿಂದಿನ 4 ವರ್ಷಗಳಲ್ಲಿ ಒಟ್ಟು 12 ತಿಂಗಳಿಗಿಂತ ಹೆಚ್ಚು, ಕೊನೆಯ 12 ತಿಂಗಳಲ್ಲಿ 90 ದಿನಕ್ಕಿಂತ ಹೆಚ್ಚು ಹೊರಗಿರುವಂತಿಲ್ಲ. ಬ್ರಿಟನ್ನಿನ 1981ರ ಕಾಯ್ದೆ ಹಾಜರಿಯ ಬದಲು ಗೈರನ್ನು ಎಣಿಸುತ್ತದೆ: 5 ವರ್ಷಗಳಲ್ಲಿ 450 ದಿನ, ಕೊನೆಯ ವರ್ಷದಲ್ಲಿ 90 ದಿನ ಮೀರಬಾರದು. ಸ್ವಲ್ಪ ಮೀರಿದರೆ ಮನ್ನಿಸುವ ಅಧಿಕಾರ ಅಲ್ಲಿನ ಇಲಾಖೆಗೆ ಇದೆ. ಆದರೆ ಅದೇ ಕಾಯ್ದೆಯಲ್ಲಿ ಹಲವರು ಎಡವುವ ಇನ್ನೊಂದು ಮಾತಿದೆ. ಅರ್ಜಿ ತಲುಪಿದ ದಿನದಿಂದ ಹಿಂದಕ್ಕೆ ಎಣಿಸಿದರೆ 5 ವರ್ಷಗಳ ಅವಧಿ ಯಾವ ದಿನ ಶುರುವಾಗುತ್ತದೋ ಆ ದಿನ ಅರ್ಜಿದಾರರು ಬ್ರಿಟನ್ನಿನಲ್ಲಿ ಇದ್ದಿರಬೇಕೆಂಬುದು ಸಾಮಾನ್ಯ ನಿಯಮ. ಉಳಿದೆಲ್ಲ ಸರಿಯಿದ್ದು, ಐದು ವರ್ಷದ ಹಿಂದೆ ಅದೇ ದಿನ ಇಲ್ಲಿ ತಂಗಿಯ ಮದುವೆಯ ಚಪ್ಪರದಡಿ ಕೂತಿದ್ದರೆ ಅರ್ಜಿ ನಿಲ್ಲುವುದು ಕಷ್ಟ. ದಿನಾಂಕವನ್ನು ಕೊಂಚ ಮುಂದೂಡಿ ಅರ್ಜಿ ಹಾಕಿದ್ದರೆ ತೊಡಕೇ ಇರುತ್ತಿರಲಿಲ್ಲ.

ನಮ್ಮ ಮನೆಗಳ ಪಾತ್ರ ಬರುವುದು ಇಲ್ಲಿ. ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಗೆ, ಮದುವೆಗಳಿಗೆ, ಹಿರಿಯರ ಕಾಯಿಲೆಗೆ ಮಕ್ಕಳು ಬರುತ್ತಾರೆ, ಬರಬೇಕಾದದ್ದೇ. ಲೆಕ್ಕವನ್ನು ನಿಜವಾಗಿ ತಲೆಕೆಳಗು ಮಾಡುವುದು ಬಾಣಂತನ. ಹೆರಿಗೆಗೆಂದು ತವರಿಗೆ ಬಂದ ಮಗಳನ್ನು ಐದು ತಿಂಗಳಿಗೆ ಕಳುಹಿಸಲು ಯಾವ ತಾಯಿಗೂ ಮನಸ್ಸು ಬರುವುದಿಲ್ಲ, ಇನ್ನೊಂದು ತಿಂಗಳು ಇದ್ದು ಹೋಗಮ್ಮ ಎನ್ನುತ್ತಾರೆ. ಆ ಒಂದು ತಿಂಗಳಿನ ಬೆಲೆ ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ. ಕೆನಡಾದವರಿಗೆ ಅರ್ಜಿ ಒಂದು ತಿಂಗಳು ಮುಂದಕ್ಕೆ ಹೋಗಬಹುದು, ಅಷ್ಟೆ. ಅಮೆರಿಕದ ಗ್ರೀನ್ ಕಾರ್ಡ್ ಇರುವವರು ಒಮ್ಮೆ ಹೊರಬಂದು ಆರು ತಿಂಗಳು ಮೀರಿ ಉಳಿದರೆ ವಾಸ ಕಡಿದುಹೋಯಿತೆಂದೇ ಕಾನೂನು ಭಾವಿಸುತ್ತದೆ, ಹಾಗಾಗಿಲ್ಲವೆಂದು ಕೆಲಸ, ಮನೆ, ಕುಟುಂಬದ ಪುರಾವೆ ಕೊಟ್ಟು ತೋರಿಸುವ ಹೊಣೆ ಅವರ ಮೇಲೆ ಬೀಳುತ್ತದೆ; ವರ್ಷ ದಾಟಿದರಂತೂ ಸಾಮಾನ್ಯವಾಗಿ ವಾಸ ಕಡಿದೇಹೋಗುತ್ತದೆ. ಬ್ರಿಟನ್ನಿನವರಿಗೆ ಬಾಣಂತನ ಅರ್ಜಿಗೆ ಮುಂಚಿನ ವರ್ಷದಲ್ಲಿ ಬಂದರೆ 90 ದಿನದ ಮಿತಿ ಮೂರೇ ತಿಂಗಳಲ್ಲಿ ಮುಗಿಯುತ್ತದೆ. ಹೆರಿಗೆಗೆ ಬರಬೇಡಿರೆಂದು ನಾನು ಹೇಳುತ್ತಿಲ್ಲ. ವಾಪಸು ಟಿಕೆಟ್ ಮುಂದಕ್ಕೆ ಹಾಕುವ ಮೊದಲು ಕ್ಯಾಲೆಂಡರ್ ತೆಗೆದು ಎಣಿಸಿ ಎಂದಷ್ಟೇ ಹೇಳುತ್ತಿದ್ದೇನೆ.

ಕೋವಿಡ್ ಕಾಲದಲ್ಲಿ ಎಣಿಸಿಯೂ ಪ್ರಯೋಜನವಿರಲಿಲ್ಲ. 2020ರ ಮಾರ್ಚ್ ಕೊನೆಯಿಂದ 2022ರ ಮಾರ್ಚ್ 27ರವರೆಗೆ ನಮ್ಮ ದೇಶದ ನಿಯಮಿತ ಅಂತರರಾಷ್ಟ್ರೀಯ ವಿಮಾನ ಸಂಚಾರ ನಿಂತಿತ್ತು, ವಿಶೇಷ ವಿಮಾನಗಳಲ್ಲಿ ಸೀಟು ಸಿಕ್ಕವರಷ್ಟೇ ಹೊರಟರು. ವಾರಗಳಿಗೆಂದು ಬಂದು ತಿಂಗಳುಗಟ್ಟಲೆ ಉಳಿದವರು ನಮ್ಮೂರಿನ ವಿದ್ಯಾನಗರದಲ್ಲೂ ಇದ್ದರು, ಎಂಸಿಸಿ ಬ್ಲಾಕಿನಲ್ಲೂ ಇದ್ದರು.

ದಿನವೆಂದರೆ ಯಾವುದನ್ನು ಎಣಿಸುವುದು ಎಂಬ ಪ್ರಶ್ನೆಯೂ ಪದೇ ಪದೇ ಬರುತ್ತದೆ. ಕೆನಡಾ, ಅಮೆರಿಕ ಎರಡರಲ್ಲೂ ಹೊರಟ ದಿನ, ಮರಳಿದ ದಿನ ಎರಡನ್ನೂ ಹಾಜರಿ ಎಂದೇ ಎಣಿಸುತ್ತಾರೆ. ಬ್ರಿಟನ್ ಕೂಡ ಪೂರ್ತಿ ಹೊರಗಿದ್ದ ದಿನವನ್ನಷ್ಟೇ ಗೈರಿಗೆ ಹಿಡಿಯುತ್ತದೆ. ನಮ್ಮ ಆದಾಯ ತೆರಿಗೆಯಲ್ಲಿ ನಿವಾಸಿ ಹೌದೋ ಅಲ್ಲವೋ ಎಂದು ತೀರ್ಮಾನಿಸುವ 182 ದಿನಗಳ ಎಣಿಕೆಯಲ್ಲೂ ಬಂದ ದಿನ, ಹೋದ ದಿನ ಎರಡೂ ಸಾಮಾನ್ಯವಾಗಿ ಸೇರುತ್ತವೆ. ಹಾಗಾಗಿ ಒಬ್ಬರದೇ ಒಂದು ದಿನ ಎರಡು ದೇಶಗಳ ಲೆಕ್ಕದಲ್ಲಿ ಹಾಜರಿಯಾಗಿ ಕೂರಬಹುದು. ಅದರಲ್ಲಿ ಮೋಸವೇನೂ ಇಲ್ಲ. ಆದರೆ ತೆರಿಗೆಗೆ ಕೊಟ್ಟ ಪ್ರಯಾಣದ ಪಟ್ಟಿ ಒಂದು, ಪೌರತ್ವಕ್ಕೆ ಕೊಟ್ಟ ಪಟ್ಟಿ ಇನ್ನೊಂದು ಆಗಬಾರದು.

ಇನ್ನು ಪುರಾವೆ. ಪಾಸ್‌ಪೋರ್ಟಿನ ಸೀಲು ಇದ್ದರೆ ಸಾಕೆಂಬ ಕಾಲ ಕಳೆಯುತ್ತಿದೆ. ಯುರೋಪಿನ ಷೆಂಗೆನ್ ದೇಶಗಳು 2025ರ ಅಕ್ಟೋಬರ್ 12ರಿಂದ ಸೀಲಿನ ಜಾಗಕ್ಕೆ ಗಣಕ ದಾಖಲೆಯನ್ನು ತರತೊಡಗಿವೆ. ನಮ್ಮಲ್ಲಿ ಭಾರತೀಯರು ವಿಮಾನ ನಿಲ್ದಾಣದಲ್ಲಿ ತುಂಬುತ್ತಿದ್ದ ನಿರ್ಗಮನ ಚೀಟಿ 2017ರ ಜುಲೈ 1ಕ್ಕೆ ರದ್ದಾಯಿತು, ಮುಂಚಿತವಾಗಿ ನೋಂದಾಯಿಸಿಕೊಂಡವರು ಯಂತ್ರದ ಗೇಟು ದಾಟಿ ಹೋಗುವ ಸೌಲಭ್ಯ 2024ರಲ್ಲಿ ದೆಹಲಿಯಲ್ಲೂ 2025ರಲ್ಲಿ ಬೆಂಗಳೂರು ಸೇರಿ ಬೇರೆ ನಿಲ್ದಾಣಗಳಲ್ಲೂ ಶುರುವಾಯಿತು. ಇವೆಲ್ಲ ಪ್ರಯಾಣಿಕರಿಗೆ ಅನುಕೂಲವೇ. ಆದರೆ ಪ್ರಯಾಣಿಕರ ಕೈಯಲ್ಲಿ ಉಳಿಯುವ ಕಾಗದ ಕಡಿಮೆಯಾಗುತ್ತ ಸರ್ಕಾರದ ಗಣಕದಲ್ಲಿ ಉಳಿಯುವ ವಿವರ ಹೆಚ್ಚುತ್ತಿದೆ. ಕೆನಡಾ 2020ರಿಂದ ವಿಮಾನದಲ್ಲಿ ಹೊರಹೋಗುವವರ ವಿವರವನ್ನೂ ಸಂಗ್ರಹಿಸುತ್ತಿದೆ. ಅರ್ಜಿಯಲ್ಲಿ ಬರೆದದ್ದನ್ನು ಅಧಿಕಾರಿ ಅದರೊಂದಿಗೆ ಹೋಲಿಸಿ ನೋಡಬಹುದು.

ಹೆಸರಿನ ತೊಡಕು ನಮ್ಮ ಕಡೆಯವರಿಗೆ ವಿಶೇಷ. ಊರಿನ ಹೆಸರು, ತಂದೆಯ ಹೆಸರು ಸೇರಿ ಮೊದಲಕ್ಷರಗಳಾಗಿ ನಿಲ್ಲುವ ನಮ್ಮ ಹೆಸರುಗಳು ಒಂದು ಪಾಸ್‌ಪೋರ್ಟಿನಲ್ಲಿ ಒಂದು ರೀತಿ, ನವೀಕರಣದ ಹೊತ್ತಿಗೆ ಇನ್ನೊಂದು ರೀತಿ ಅಚ್ಚಾಗುತ್ತವೆ. ಪಾಸ್‌ಪೋರ್ಟಿನಲ್ಲಿ ಸ್ವಂತ ಹೆಸರಿನ (ಗಿವನ್ ನೇಮ್) ಜಾಗ ಖಾಲಿಯಿದ್ದರೆ ಅಮೆರಿಕದ ವೀಸಾದಲ್ಲಿ ‘ಎಫ್‌ಎನ್‌ಯು’, ಅಂದರೆ ಮೊದಲ ಹೆಸರು ಗೊತ್ತಿಲ್ಲ, ಎಂದು ಬರುತ್ತದೆ. ಒಬ್ಬರೇ ವ್ಯಕ್ತಿಯ ಪ್ರಯಾಣಗಳು ಹೀಗೆ ಎರಡು ಹೆಸರಿನಡಿ ಹಂಚಿಹೋದಾಗ ಅವನ್ನು ಬೆಸೆಯಲು ಉಳಿಯುವುದು ಹಳೆಯ ಪಾಸ್‌ಪೋರ್ಟ್. ಅವಧಿ ಮುಗಿದು ಮೂಲೆ ಕತ್ತರಿಸಿದ ಆ ಪುಸ್ತಕವನ್ನು ಮಕ್ಕಳು ರಜೆಗೆ ಬಂದಾಗ ಇಲ್ಲಿನ ಬೀರುವಿನಲ್ಲಿ ಬಿಟ್ಟು ಹೋಗುತ್ತಾರೆ, ಹಬ್ಬಕ್ಕೆ ಮನೆ ತೊಳೆಯುವಾಗ ಅದು ರದ್ದಿಗೆ ಸೇರುತ್ತದೆ. ದಯವಿಟ್ಟು ಯಾರೂ ಹಾಗೆ ಮಾಡಬಾರದು. 5 ವರ್ಷಗಳ ಅವಧಿಯಲ್ಲಿ ಬಳಸಿದ ಪ್ರತಿ ಪಾಸ್‌ಪೋರ್ಟನ್ನೂ ಕೆನಡಾದ ಅರ್ಜಿ ಕೇಳುತ್ತದೆ. ದಿನಾಂಕ ಬರೆಯುವ ಕ್ರಮದ ಬಗ್ಗೆಯೂ ಎಚ್ಚರ ಬೇಕು. ನಮ್ಮ ಟಿಕೆಟಿನ 04/03 ಮಾರ್ಚ್ ನಾಲ್ಕಾದರೆ ಅಮೆರಿಕದವರಿಗೆ ಅದು ಏಪ್ರಿಲ್ ಮೂರು.

ಕೊರತೆಬಿದ್ದ ದಿನಗಳನ್ನು ಬಾಡಿಗೆ ಕರಾರು, ಫೋನ್ ಬಿಲ್ಲು ತೋರಿಸಿ ತುಂಬಿಸಿಕೊಡುತ್ತೇವೆ ಎನ್ನುವ ಏಜೆಂಟರ ಮಾತನ್ನೂ ಕೇಳಿದ್ದೇನೆ. ಇದು ಶುದ್ಧ ವಂಚನೆ, ಇದರ ಬಿಸಿ ಎಷ್ಟು ವರ್ಷ ಕಳೆದರೂ ತಟ್ಟಬಹುದು. ಸುಳ್ಳು ವಾಸ ತೋರಿಸಿದ ಪ್ರಕರಣಗಳ ತನಿಖೆಯ ಬಳಿಕ 2012ರಲ್ಲಿ ಕೆನಡಾದ ಆಗಿನ ವಲಸೆ ಸಚಿವ ಜೇಸನ್ ಕೆನ್ನಿ ಅವರು ಸುಮಾರು 3,100 ಮಂದಿಯ ಪೌರತ್ವ ಹಿಂಪಡೆಯುವ ಪ್ರಕ್ರಿಯೆ ಘೋಷಿಸಿದ್ದರು. ಹೊರದೇಶದ ಪೌರತ್ವ ಸ್ವೀಕರಿಸಿದ ಕ್ಷಣವೇ 1955ರ ನಮ್ಮ ಪೌರತ್ವ ಕಾಯ್ದೆಯ 9ನೇ ಕಲಮಿನಂತೆ ಭಾರತದ ಪೌರತ್ವ ಹೋಗಿರುತ್ತದೆ. ಅಲ್ಲಿಯದೂ ರದ್ದಾದರೆ ಆ ವ್ಯಕ್ತಿ ನಿಲ್ಲುವುದೆಲ್ಲಿ?

ಹಿಂದಿರುಗುವವರಿಗೂ ದಿನಗಳ ಎಣಿಕೆ ತಪ್ಪಿದ್ದಲ್ಲ. ಐದು ವರ್ಷದಿಂದ ಓಸಿಐ ಕಾರ್ಡ್, ಅಂದರೆ ಹೊರದೇಶದ ಪೌರರಾದ ಭಾರತ ಮೂಲದವರಿಗೆ ನಮ್ಮ ಸರ್ಕಾರ ಕೊಡುವ ಕಾರ್ಡ್, ಇರುವವರು ಭಾರತದ ಪೌರತ್ವಕ್ಕೆ ಮರಳಬೇಕಾದರೆ ಅರ್ಜಿಗೆ ಮುಂಚಿನ 12 ತಿಂಗಳು ಇಲ್ಲಿಯೇ ವಾಸವಾಗಿರಬೇಕು. 2015ರ ತಿದ್ದುಪಡಿಯ ಪ್ರಕಾರ ವಿಶೇಷ ಸಂದರ್ಭಗಳಲ್ಲಿ ಕೇಂದ್ರ ಸರ್ಕಾರ ಒಟ್ಟು 30 ದಿನದವರೆಗೆ ಬಿಡಿ ಬಿಡಿಯಾದ ಗೈರನ್ನು ಮನ್ನಿಸಬಹುದು. ವರ್ಷದ ನಡುವೆ ಮೊಮ್ಮಕ್ಕಳನ್ನು ನೋಡಲು ಎರಡು ತಿಂಗಳು ಹೋಗಿಬಂದವರು ಮತ್ತೆ ಮೊದಲಿನಿಂದ ಎಣಿಸಬೇಕಾಗುತ್ತದೆ.

ಈ ಎಣಿಕೆಗೆಲ್ಲ ಬೇಕಾದ ದಾಖಲೆಯ ಮಾತಿಗೆ ಬಂದರೆ, ಅಮೆರಿಕಕ್ಕೆ ಹೋಗಿಬಂದ ವಿದೇಶಿಯರು ಅಲ್ಲಿನ ಸರ್ಕಾರದ ಐ-94 ಜಾಲತಾಣದಲ್ಲಿ ತಮ್ಮ ಆಗಮನ, ನಿರ್ಗಮನದ ದಿನಾಂಕಗಳನ್ನು ತಾವೇ ನೋಡಬಹುದು. ಕೆನಡಾದ ಗಡಿ ಸೇವಾ ಸಂಸ್ಥೆಯಿಂದ ಪ್ರಯಾಣದ ಇತಿಹಾಸ ಕೇಳಿ ಪಡೆಯುವ ದಾರಿ ಇದೆ. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ಸ್ಕ್ಯಾನ್ ಆಗುವಾಗಲೇ ನಮ್ಮ ವಲಸೆ ಬ್ಯೂರೋದ ಗಣಕಕ್ಕೂ ಅದೇ ವಿವರ ಸೇರುತ್ತದೆ. ಅದನ್ನು ಪಾಸ್‌ಪೋರ್ಟ್ ಸೇವಾ ಜಾಲತಾಣದ ಲಾಗಿನ್ ಮೂಲಕವೋ ಡಿಜಿಲಾಕರ್ ಮೂಲಕವೋ ಪ್ರಮಾಣೀಕೃತ ಪ್ರತಿಯಾಗಿ ಆಯಾ ವ್ಯಕ್ತಿಗೇ ಕೊಡುವ ವ್ಯವಸ್ಥೆಯನ್ನು ಕೇಂದ್ರ ಗೃಹ ಸಚಿವಾಲಯ ಮಾಡಬೇಕು, ಅದಕ್ಕೆ ಶುಲ್ಕವಿದ್ದರೂ ಜನ ಕೊಡುತ್ತಾರೆ. ಹಳೆಯ ಮತ್ತು ಹೊಸ ಪಾಸ್‌ಪೋರ್ಟ್ ಸಂಖ್ಯೆಗಳೆರಡರ ಪ್ರಯಾಣವೂ ಒಂದೇ ಪತ್ರದಲ್ಲಿ ಬರಬೇಕು, ಇಲ್ಲದಿದ್ದರೆ ಮೇಲೆ ಹೇಳಿದ ಹೆಸರಿನ ತೊಡಕು ಹಾಗೆಯೇ ಉಳಿಯುತ್ತದೆ. ನಮ್ಮ ಜಿಲ್ಲೆಯ ಸಂಸದರು ಈ ಬೇಡಿಕೆಯನ್ನು ಸಂಸತ್ತಿನಲ್ಲಿ ಲಿಖಿತ ಪ್ರಶ್ನೆಯಾಗಿ ಎತ್ತಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ತಮ್ಮ ವಿಶ್ವಾಸಿ,
ಒಬ್ಬ ತೆರಿಗೆ ಸಲಹೆಗಾರ,
ಪಿ.ಜೆ. ಬಡಾವಣೆ, ದಾವಣಗೆರೆ