ಕಲ್ಲಿನ ಮೇಲೂ 'ಅಸೋಕ' ಅಂತಲೇ ಇದೆ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರ ನಿಮ್ಮ ಪುರವಣಿಯಲ್ಲಿ ಗಂಡುಮಕ್ಕಳ ಹೆಸರುಗಳ ಪಟ್ಟಿ ಬಂದಿತ್ತು. ಅದರಲ್ಲಿ ಅಶೋಕ ಅನ್ನುವ ಹೆಸರಿನ ಮುಂದೆ 'ಮೌರ್ಯ ಅರಸ, ಈಗ ಯಾರೂ ಇಡುವುದಿಲ್ಲ' ಅಂತ ಇಷ್ಟೇ ಬರೆದಿದ್ದೀರಿ. ರಾಯಚೂರಿನಲ್ಲಿ ಮಾರುವ ಪತ್ರಿಕೆಯಲ್ಲಿ ಈ ಹೆಸರಿಗೆ ಇಷ್ಟೇನಾ ಅಂತ ತುಂಬಾ ಬೇಜಾರಾಯಿತು. ನನ್ನ ಹೆಸರೂ ಅದೇ. ಆದರೆ ಬೇಜಾರು ನನ್ನೊಬ್ಬನ ಸಲುವಾಗಿ ಅಲ್ಲ.

ನಮ್ಮವ್ವ ನನ್ನನ್ನು ಕರೆಯುತ್ತಿದ್ದದ್ದು 'ಅಸೋಕಾ' ಅಂತ. ಸಿಟ್ಟು ಬಂದರೆ 'ಅಸೋಕ್ಯಾ'. ಹೊಲದ ಬದುವಿನ ಮೇಲೆ ನಿಂತು ಕೂಗಿದರೆ ಆ 'ಸೋ' ಹಳ್ಳದ ಆಚೆಗೂ ಕೇಳುತ್ತಿತ್ತು. ನಾಲ್ಕನೇ ಕ್ಲಾಸಿನಲ್ಲಿ ಮಾಸ್ತರು ಹೆಸರು ಕೇಳಿದಾಗ ನಾನೂ ಹಾಗೇ ಅಂದೆ. 'ಸ ಅಲ್ಲೋ, ಶ' ಅಂತ ಎಲ್ಲರ ಮುಂದೆ ಹತ್ತು ಸಲ ಹೇಳಿಸಿದರು. ಮನೆಗೆ ಬಂದವನೇ ಅವ್ವನಿಗೂ ಕಲಿಸಲು ಹೋದೆ. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ ಎರಡು ಮೂರು ಸಲ ಅಂದು ನೋಡಿದಳು, ಬರಲಿಲ್ಲ, 'ನಂಗ ಎಲ್ಲಿ ಬರಬೇಕಪಾ ಅದು' ಅಂದು ಮತ್ತೆ ರೊಟ್ಟಿ ಕಡೆ ತಿರುಗಿದಳು. ಅವತ್ತಿನ ಅವಳ ಮುಖ ಇನ್ನೂ ಕಣ್ಣ ಮುಂದೆ ಇದೆ.

ಕಾಲೇಜಿಗೆ ಬಂದ ಮೇಲೆ ಒಮ್ಮೆ ನಮ್ಮ ರಾಯಚೂರು ಜಿಲ್ಲೆಯದೇ ಆದ ಮಸ್ಕಿ ಗುಡ್ಡಕ್ಕೆ ಕರೆದುಕೊಂಡು ಹೋಗಿದ್ದರು. ಅಲ್ಲಿಯ ಬಂಡೆ ಮೇಲೆ ಬ್ರಾಹ್ಮಿ ಅಕ್ಷರದ ಶಾಸನ ಇದೆ. ನಮ್ಮ ಸರ್ ಮೊದಲ ಸಾಲನ್ನು ನಿಧಾನಕ್ಕೆ ಓದಿದರು: 'ದೇವಾನಂಪಿಯಸ ಅಸೋಕಸ'. ದೇವರಿಗೆ ಪ್ರಿಯನಾದ ಅಶೋಕನದು ಅಂತ ಅರ್ಥ. ಪ್ರಾಕೃತ ಭಾಷೆ, ಹಾಗಾಗಿ ಶ ಇಲ್ಲ, ಸ. 'ಕ' ಅನ್ನುವ ಅಕ್ಷರ ಥೇಟ್ ಲೆಕ್ಕದ ಕೂಡಿಸುವ ಗುರುತಿನ ಹಾಗೆ, ಒಂದು ಅಡ್ಡ ಗೆರೆ, ಒಂದು ಉದ್ದ ಗೆರೆ. ಅ, ಸೋ, ಕ ಅಂತ ನಾನೇ ಬೆರಳು ತೋರಿಸಿ ಓದಿದೆ. ನಮ್ಮವ್ವ ಕರೆದ ಹಾಗೇ ಇತ್ತು! ಸಂಜೆ ಮನೆಗೆ ಬಂದು ಅವ್ವನಿಗೆ ಇದನ್ನು ಹೇಳಿದಾಗ ನನಗೆ ಆದ ಖುಷಿ ಯಾವ ಪರೀಕ್ಷೆ ಪಾಸಾದಾಗಲೂ ಆಗಿಲ್ಲ.

ಆ ಸಾಲು ಸಾಮಾನ್ಯದ್ದಲ್ಲ ಸರ್. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದ ಮೇಲೂ, ಸಿಕ್ಕ ಶಾಸನಗಳಲ್ಲಿ ಬರೀ ದೇವಾನಂಪಿಯ, ಪಿಯದಸಿ ಅಂತ ಬಿರುದುಗಳೇ ಇದ್ದವು. ಇವನೇ ಅಶೋಕ ಅಂತ ಸಿಂಹಳದ ಬೌದ್ಧ ಗ್ರಂಥಗಳನ್ನು ನೋಡಿ ಹೇಳುತ್ತಿದ್ದರು, ಕಲ್ಲಿನ ಸಾಕ್ಷಿ ಇರಲಿಲ್ಲ. 1915ರಲ್ಲಿ, ನಿಜಾಮರ ಕಾಲ, ಬೀಡನ್ ಅನ್ನುವ ಚಿನ್ನದ ಗಣಿಯ ಎಂಜಿನಿಯರ್ ಕಣ್ಣಿಗೆ ಮಸ್ಕಿ ಶಾಸನ ಬಿತ್ತು. ಬಿರುದೂ ಹೆಸರೂ ಒಟ್ಟಿಗೆ ಸಿಕ್ಕಿದ್ದು ಅಲ್ಲೇ ಮೊದಲು. ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲಿ ಸಿಕ್ಕಿತು, ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲೂ ಸಿಕ್ಕಿತು. ಅಂದರೆ ಆ ಹೆಸರಿರುವ ಬೆರಳೆಣಿಕೆಯ ಬಂಡೆಗಳಲ್ಲಿ ಮೂರು ನಮ್ಮ ಸುತ್ತಮುತ್ತಲೇ ಇವೆ. ಕೊಪ್ಪಳದ ಗವಿಮಠ, ಪಾಲ್ಕಿಗುಂಡಿನಲ್ಲೂ ಅವನ ಶಾಸನ ಇವೆ, ಹೆಸರು ಮಾತ್ರ ಇಲ್ಲ. ಕಲಬುರಗಿ ಜಿಲ್ಲೆಯ ಕನಗನಹಳ್ಳಿಯಲ್ಲಿ ರಾಜನ ಶಿಲ್ಪದ ಜೊತೆ 'ರಾಯ ಅಸೋಕೊ' ಅಂತ ಕೆತ್ತಿದ್ದಾರೆ. ಅಲ್ಲೂ 'ಸೋ'!

ಅರ್ಥ ಎಲ್ಲರಿಗೂ ಗೊತ್ತು: ಶೋಕ ಇಲ್ಲದವನು. ಈ ಮಗ ಹುಟ್ಟಿದ ಮೇಲೆ ನನಗೆ ದುಃಖವೇ ಇಲ್ಲ ಅಂತ ತಾಯಿ ಅಂದಳು, ಅದಕ್ಕೆ ಆ ಹೆಸರು ಬಂತು ಅಂತ ಬೌದ್ಧರ ಕಥೆ ಇದೆ. ಸೀತಮ್ಮ ಕೂತಿದ್ದ ಅಶೋಕವನದ ಮರದ ಹೆಸರೂ ಇದೇ. ಅದು ಕೆಂಪು ಹೂವಿನ ಗೊಂಚಲು ಬಿಡುವ ಮರ, ಆಫೀಸು ಕಾಂಪೌಂಡುಗಳಲ್ಲಿ ಕಂಬದ ಹಾಗೆ ನೆಟ್ಟಗೆ ಬೆಳೆಯುವುದು ಬೇರೆ ಜಾತಿಯ ಮರ.

ನಮ್ಮೂರಲ್ಲಿ ಅಜ್ಜನ ಓರಗೆಯವರಲ್ಲಿ ಒಬ್ಬ ಅಶೋಕನೂ ಇರಲಿಲ್ಲ. ಅಮರಪ್ಪ, ಹುಲಿಗೆಪ್ಪ, ದುರುಗಪ್ಪ, ಹನುಮಪ್ಪ ಇವೇ ಜಾಸ್ತಿ. ಹೆಸರು ಕೇಳಿದರೆ ಮನೆದೇವರು ಯಾವುದು ಗೊತ್ತಾಗುತ್ತಿತ್ತು, ಎಷ್ಟೋ ಸಲ ಓಣಿಯೂ ಗೊತ್ತಾಗುತ್ತಿತ್ತು. ನಮ್ಮ ಕ್ಲಾಸಿಗೆ ಬರುವ ಹೊತ್ತಿಗೆ ಮೂವರು ಅಶೋಕರು: ಒಬ್ಬ ಗೌಡರ ಮನೆಯವನು, ಒಬ್ಬ ಕಂಬಾರರವನು, ನಾನು ಕೇರಿಯವನು. ಬಾವುಟದಲ್ಲಿ ಅಶೋಕನ ಚಕ್ರ ಬಂದಿತ್ತು, ಪಾಠದಲ್ಲಿ ಅಶೋಕ ಬಂದಿದ್ದ, ಹಾಗಾಗಿ ಅವರ ಮನೆಯವರು ಇಟ್ಟಿರಬಹುದು. ನಮ್ಮಪ್ಪ ಇಟ್ಟಿದ್ದು ಬಾಬಾಸಾಹೇಬರ ಕಾರಣಕ್ಕೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಬೌದ್ಧ ಧರ್ಮ ಸ್ವೀಕರಿಸಿದರಲ್ಲ, ಅದು ಅಶೋಕ ವಿಜಯದಶಮಿಯ ದಿನ, ಅಶೋಕ ಬೌದ್ಧನಾದ ದಿನ ಅಂತ ಆಚರಿಸುವುದು. ಹಾಜರಿ ಕರೆಯುವಾಗ ಮೂವರೂ ಒಟ್ಟಿಗೆ 'ಹಾಜರ್' ಅನ್ನುತ್ತಿದ್ದೆವು. ಯಾರು ಯಾವ ಓಣಿ ಅಂತ ಆ ಹೆಸರು ಹೇಳುತ್ತಿರಲಿಲ್ಲ. ನಮ್ಮಪ್ಪನಿಗೆ ಬೇಕಾಗಿದ್ದೂ ಅದೇ. ಮಸ್ಕಿ ಶಾಸನದಲ್ಲೇ ಇದೆ: ಧರ್ಮದಲ್ಲಿ ನಡೆದರೆ ಸಣ್ಣವನೂ ಅದರ ಫಲ ಪಡೆಯಬಹುದು, ದೊಡ್ಡವರಿಗೆ ಮಾತ್ರ ಅಂತ ತಿಳಿಯಬೇಡಿ ಅನ್ನುವ ಅರ್ಥದ ಮಾತು. ಅಪ್ಪನಿಗೆ ಓದು ಬರುತ್ತಿರಲಿಲ್ಲ.

ಈಗ ನಿಮಗೆ ಬರೆಯುತ್ತಿರುವ ಕಾರಣ ಹೇಳುತ್ತೇನೆ. ನನ್ನ ತಂಗಿಯ ಮೊಮ್ಮಗನನ್ನು ಮುಂದಿನ ತಿಂಗಳು ತೊಟ್ಟಿಲಿಗೆ ಹಾಕುತ್ತಾರೆ. ಮನೆಯ ಹುಡುಗರು ಮೊಬೈಲಿನಲ್ಲಿ ಹೆಸರು ಹುಡುಕುತ್ತಿದ್ದಾರೆ. ಅಶೋಕ ಅಂತ ಇಡ್ರಪಾ ಅಂದರೆ ನಿಮ್ಮ ಪಟ್ಟಿಯ ಫೋಟೋ ಹೊಡೆದು ವಾಟ್ಸಾಪಿಗೆ ಹಾಕಿದರು, 'ನೋಡು ಮಾಮಾ, ಈಗ ಯಾರೂ ಇಡಲ್ಲ ಅಂತ ಪೇಪರಿನಲ್ಲೇ ಬಂದಿದೆ' ಅಂತ. ಪೇಪರಿನಲ್ಲಿ ಬಂದರೆ ಅದೇ ಖರೆ ಅಂತ ನಂಬುವ ಮನೆಗಳು ನಮ್ಮ ಕಡೆ ಇನ್ನೂ ಇವೆ ಸರ್. ದಯವಿಟ್ಟು ಈ ಭಾನುವಾರ ಅದೇ ಜಾಗದಲ್ಲಿ ನಾಲ್ಕು ಸಾಲು ಹಾಕಿ: ಮಸ್ಕಿ ಎಲ್ಲಿದೆ, ಆ ಬಂಡೆ ಮೇಲೆ ಏನಿದೆ ಅಂತ. ಸಿಂಧನೂರಿನಿಂದ ಲಿಂಗಸುಗೂರು ಬಸ್ಸು ಹತ್ತಿದರೆ ದಾರಿಯಲ್ಲೇ ಸಿಗುತ್ತದೆ ಅಂತಲೂ ಹಾಕಿ. ಸೋದರತ್ತೆ ಕೂಸಿನ ಕಿವಿಯಲ್ಲಿ ಕುರ್ರ್ ಅಂದು ಹೆಸರು ಹೇಳುವುದಕ್ಕೆ ಇನ್ನೂ ಮೂರು ವಾರ ಇದೆ.

ಇಂತಿ,
ಅಶೋಕ
ಸಿಂಧನೂರು ತಾಲೂಕು, ರಾಯಚೂರು ಜಿಲ್ಲೆ