ಮಗಳಿಗೊಂದು ಪತ್ರ: ಪಾಪುವಿನ ಬೂಟಿನ ಲೆಕ್ಕ

ಚಿ. ಸೌ. ಸುಮಾಳಿಗೆ, ಅಪ್ಪನ ಆಶೀರ್ವಾದಗಳು.

ಪಾಪು ಬೀದಿಗಿಳಿದು ನಡೆಯುವಂತಾಗಿದ್ದಾಳೆ, ಒಳ್ಳೆಯ ಬೂಟು ಕೇಳಿದರೆ ₹900, ₹1,000 ಹೇಳುತ್ತಾರೆ, ಮೂರ್ನಾಲ್ಕು ತಿಂಗಳಿಗೇ ಬಿಗಿಯಾಗುತ್ತದಂತೆ, ಅತ್ತೆಯವರು ಎರಡು ನಂಬರ್ ದೊಡ್ಡದೇ ತಗೋ ಎನ್ನುತ್ತಿದ್ದಾರೆ, ಏನು ಮಾಡಲಿ ಎಂದು ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ಅಳತೆಗಳು ತಲೆಯಲ್ಲಿ ನಿಲ್ಲುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಬೂಟಿನಂಗಡಿ ಇಟ್ಟಿರುವ ಅಪ್ಪನೇ ಹೀಗನ್ನುತ್ತಾನಲ್ಲ ಎಂದು ನಗಬೇಡ: ಒಂದೂವರೆ ವರ್ಷದ ಮಗುವಿಗೆ ₹900ರ ಬೂಟಿನ ಅಗತ್ಯವಿಲ್ಲ. ₹300ರದ್ದು ಸಾಕು. ಒಮ್ಮೆಗೇ ಎರಡು ಮೂರು ಜೊತೆಯೂ ಬೇಡ, ಒಂದು ಸಾಕು. ಬೆಲೆಯಲ್ಲಿ ಉಳಿಸು, ಜೊತೆಗಳ ಲೆಕ್ಕದಲ್ಲಿ ಉಳಿಸು. ಅಳತೆಯಲ್ಲಿ ಉಳಿಸಲು ಹೋಗಬೇಡ.

ಒಂದೇ ಜೊತೆ ಸಾಲುತ್ತದೆ ಎನ್ನುವುದಕ್ಕೆ ಕಾರಣ, ನಮ್ಮ ಮಕ್ಕಳು ದಿನಕ್ಕೆ ಬೂಟು ಹಾಕುವುದೇ ಒಂದೆರಡು ಗಂಟೆ. ಮನೆ, ದೇವಸ್ಥಾನ, ಅಂಗನವಾಡಿ ಎಲ್ಲ ಕಡೆ ಹೊಸಿಲಾಚೆಯೇ ಕಳಚಿಡುತ್ತೇವೆ. ಅದು ಪಾದಕ್ಕೂ ಒಳ್ಳೆಯದೇ. ಬರಿಗಾಲಲ್ಲಿ ನಡೆಯುವಾಗ ಬೆರಳುಗಳು ನೆಲ ಹಿಡಿಯುವುದನ್ನು ಕಲಿಯುತ್ತವೆ, ಅಂಗಾಲಿನ ಸ್ನಾಯುಗಳಿಗೆ ಕೆಲಸ ಸಿಗುತ್ತದೆ. ಉದಯ ರಾವ್ ಮತ್ತು ಬೆಂಜಮಿನ್ ಜೋಸೆಫ್ ಎಂಬ ನಮ್ಮ ಕರಾವಳಿಯ ವೈದ್ಯರು 4ರಿಂದ 13 ವರ್ಷದ 2,300 ಮಕ್ಕಳ ಅಂಗಾಲಿನ ಅಚ್ಚು ತೆಗೆದು ನೋಡಿ 1992ರಲ್ಲಿ ಪ್ರಕಟಿಸಿದ್ದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಶೇ 8.6 ಮಂದಿಗೆ ಚಪ್ಪಟೆ ಪಾದ, ಹಾಕದವರಲ್ಲಿ ಶೇ 2.8. ಮುಂಭಾಗ ಮುಚ್ಚಿದ ಬೂಟಿನವರಲ್ಲಿ ಹೆಚ್ಚು, ಸ್ಯಾಂಡಲ್, ಚಪ್ಪಲಿಯವರಲ್ಲಿ ಕಡಿಮೆ. ಇಷ್ಟರಿಂದಲೇ ಬೂಟು ಕಾಲು ಕೆಡಿಸುತ್ತದೆ ಎಂದು ತೀರ್ಮಾನಿಸಲಾಗದು. ಆದರೆ ಮನೆಯೊಳಗೂ ಬೂಟು ಹಾಕಿಸಿದರೆ ಕಾಲು ಗಟ್ಟಿಯಾಗುತ್ತದೆ ಎನ್ನುವವರ ಮಾತಿಗೆ ಆಧಾರವಿಲ್ಲ ಎಂದಂತೂ ತಿಳಿಯುತ್ತದೆ. ಪಾಪುವಿನ ಅಂಗಾಲು ಈಗ ಚಪ್ಪಟೆಯಾಗಿ ಕಂಡರೆ ಗಾಬರಿ ಬೀಳಬೇಡ. ಅಲ್ಲಿರುವುದು ಕೊಬ್ಬು. ಕಮಾನು ಮೂಡುವುದಕ್ಕೆ ಐದಾರು ವರ್ಷ ಹಿಡಿಯುತ್ತದೆ. 'ಕಮಾನು ಬರಿಸುವ' ಬೂಟು ಎಂದು ಯಾರಾದರೂ ಹೆಚ್ಚು ಬೆಲೆಗೆ ಮಾರಲು ಬಂದರೆ ಮುಂದೆ ಹೋಗು.

ಹೊರಗೆ ಮಾತ್ರ ಬೇಕೇ ಬೇಕು. ಗಾಜಿನ ಚೂರು, ಮುಳ್ಳು, ಬಿಸಿಲಿಗೆ ಕಾದ ಡಾಂಬರು ಇವೆಲ್ಲ ಕಣ್ಣಿಗೆ ಕಾಣುವಂಥವು. ಕಾಣದ್ದು ಕೊಕ್ಕೆಹುಳು. ಒದ್ದೆ ಮಣ್ಣಿನಲ್ಲಿರುವ ಅದರ ಮರಿ ಬರಿಗಾಲಿನ ಚರ್ಮದ ಮೂಲಕವೇ ಒಳಹೊಕ್ಕು ಮಗುವಿನ ರಕ್ತ ಹೀರುತ್ತದೆ.

ಇನ್ನು ಅತ್ತೆಯವರ ಮಾತು. ಎರಡು ನಂಬರ್ ದೊಡ್ಡದಾದರೆ ಹಿಮ್ಮಡಿಗೆ ಹಿಡಿತವಿರುವುದಿಲ್ಲ. ಹೆಜ್ಜೆ ಹೆಜ್ಜೆಗೂ ಪಾದ ಮುಂದಕ್ಕೆ ಜಾರಿ ಬೆರಳು ಹೋಗಿ ಮುಂಭಾಗಕ್ಕೆ ಗುದ್ದುತ್ತವೆ. ಅಂದರೆ ದೊಡ್ಡ ಬೂಟಿನಲ್ಲಿಯೂ ಬೆರಳಿಗೆ ಪೆಟ್ಟು ತಪ್ಪಲಿಲ್ಲ. ಮಗು ಕಾಲೆಳೆದು ನಡೆಯುತ್ತದೆ, ತುದಿ ತಾಗಿ ಮುಗ್ಗರಿಸುತ್ತದೆ, ಹಿಮ್ಮಡಿ ಉಜ್ಜಿ ಬೊಕ್ಕೆ ಏಳುತ್ತದೆ. ತುದಿಗೆ ಹತ್ತಿ ತುರುಕಿದರೂ ಹಿಮ್ಮಡಿ ಸಡಿಲವೇ. ಇನ್ನೊಂದು ತಮಾಷೆ ನೋಡು: ಎಳೆದೆಳೆದು ನಡೆಯುವುದರಿಂದ ಬೂಟಿನ ತಳದ, ಅಂದರೆ ಸೋಲಿನ ತುದಿ ಬೇಗ ಸವೆಯುತ್ತದೆ. ಬೂಟು ಕಾಲಿಗೆ ಸರಿಹೋಗುವ ಹೊತ್ತಿಗೆ ಬೂಟೇ ಮುಗಿದಿರುತ್ತದೆ. ಉಳಿತಾಯ ಎಲ್ಲಿ ಬಂತು? ಇದನ್ನು ಅತ್ತೆಯವರಿಗೆ ಹೇಳುವಾಗ ನಾನು ಹೇಳಿದೆ ಎನ್ನಬೇಡ, ಮಕ್ಕಳ ಡಾಕ್ಟರು ಹೇಳಿದರು ಎನ್ನು.

ಚಿಕ್ಕದಾದರೆ ಇನ್ನೂ ಕಷ್ಟ, ಯಾಕೆಂದರೆ ಮಗು ಹೇಳುವುದಿಲ್ಲ. ಈ ವಯಸ್ಸಿನಲ್ಲಿ ಪಾದದ ಬಹುಭಾಗ ಇನ್ನೂ ಮೃದ್ವಸ್ಥಿ. ಒತ್ತಿದ ಕಡೆ ಬಾಗುತ್ತದೆ, ನಮಗಾಗುವಷ್ಟು ನೋವೂ ಆಗುವುದಿಲ್ಲ. ಬೆರಳು ಮಡಚಿಕೊಂಡೇ ಕುಣಿಯುತ್ತಿರುತ್ತದೆ. ಹಾಗಾಗಿ ಬೂಟು ಹಾಕಿಸಿ ತುದಿ ಒತ್ತಿ ನೋಡುವ ಪರೀಕ್ಷೆಯನ್ನು ನಂಬಬೇಡ. ಒತ್ತಿದೊಡನೆ ಮಗು ಬೆರಳು ಒಳಕ್ಕೆಳೆದುಕೊಳ್ಳುತ್ತದೆ, ನಿನಗೆ ಜಾಗವಿದೆ ಎನಿಸುತ್ತದೆ.

ನಂಬಬೇಕಾದದ್ದು ರಟ್ಟಿನ ಪಟ್ಟಿಯನ್ನು. ಅಳೆಯುವುದು ಸಂಜೆ ಹೊತ್ತಿನಲ್ಲಿರಲಿ. ದಿನವಿಡೀ ಓಡಾಡಿದ ಪಾದ ಕೊಂಚ ಊದಿರುತ್ತದೆ. ಬಿಳಿ ಹಾಳೆಯನ್ನು ಗೋಡೆಗೆ ತಾಗಿಸಿ ನೆಲಕ್ಕಿಟ್ಟು, ಪಾಪುವನ್ನು ಹಿಮ್ಮಡಿ ಗೋಡೆಗೆ ತಾಗುವಂತೆ ಅದರ ಮೇಲೆ ನಿಲ್ಲಿಸು. ಕೂತಾಗ ಅಳೆದರೆ ಪಾದ ಗಿಡ್ಡ ಬರುತ್ತದೆ, ಮೈಭಾರ ಬಿದ್ದಾಗಲೇ ಅದು ಪೂರ್ತಿ ಹರಡಿಕೊಳ್ಳುವುದು. ನಮ್ಮ ಅಳಿಯಂದಿರು ಎದುರು ಕೂತು ಏನಾದರೂ ತೋರಿಸುತ್ತಿರಲಿ, ಇಲ್ಲದಿದ್ದರೆ ಅವಳು ಬಗ್ಗಿ ಪೆನ್ಸಿಲ್ ಹಿಡಿಯುತ್ತಾಳೆ. ಪೆನ್ಸಿಲನ್ನು ನೆಟ್ಟಗೆ ಹಿಡಿದು ಎಲ್ಲಕ್ಕಿಂತ ಉದ್ದದ ಬೆರಳಿನ ತುದಿಗೆ ಗುರುತು ಹಾಕು. ಹೆಬ್ಬೆರಳೇ ಉದ್ದ ಇರಬೇಕೆಂದಿಲ್ಲ, ಕೆಲವು ಮಕ್ಕಳಿಗೆ ಎರಡನೇ ಬೆರಳು ಉದ್ದ. ಪೆನ್ಸಿಲ್ ಓರೆಯಾದರೆ ಎರಡು ಮೂರು ಮಿಲಿಮೀಟರ್ ತಪ್ಪುತ್ತದೆ, ನಮ್ಮ ಲೆಕ್ಕವೆಲ್ಲ ನಿಂತಿರುವುದೇ ಅಷ್ಟರ ಮೇಲೆ. ಎರಡೂ ಪಾದ ಅಳೆ. ಒಂದು ತುಸು ಉದ್ದವಿರುವುದು ಮಾಮೂಲು, ದೊಡ್ಡದನ್ನೇ ಲೆಕ್ಕಕ್ಕೆ ಹಿಡಿ.

ಆ ಅಳತೆಗೆ 12 ಮಿಲಿಮೀಟರ್ ಸೇರಿಸು. ಒಂದಿಷ್ಟು ನಡೆಯುವಾಗ ಬೆರಳು ಚಾಚಲು, ಉಳಿದದ್ದು ಬೆಳೆಯಲು. ಅಷ್ಟು ಉದ್ದ, ಎರಡು ಸೆಂಟಿಮೀಟರ್ ಅಗಲದ ಪಟ್ಟಿಯನ್ನು ಲಗ್ನಪತ್ರಿಕೆಯಂಥ ಗಟ್ಟಿ ಕಾಗದದಲ್ಲಿ ಕತ್ತರಿಸು. ಮುಂದಿನ ತುದಿಯ ಮೂಲೆಗಳನ್ನು ಗುಂಡಗೆ ಮಾಡು, ಇಲ್ಲದಿದ್ದರೆ ಬೂಟಿನ ಮುಂಭಾಗದ ತಿರುವಿನಲ್ಲಿ ಸಿಕ್ಕಿಹಾಕಿಕೊಂಡು ಸುಳ್ಳು ಹೇಳುತ್ತದೆ. ಅಂಗಡಿಗೆ ಮಗುವನ್ನು ಒಯ್ಯದಿದ್ದರೂ ಈ ಪಟ್ಟಿಯನ್ನು ಒಯ್ಯಿ. ಬೂಟಿನೊಳಗೆ ಹಾಕಿದಾಗ ಎಲ್ಲೂ ಬಾಗದೆ ಚಪ್ಪಟೆಯಾಗಿ ಮಲಗಬೇಕು. ಬಾಗಿದರೆ ಬೂಟು ಚಿಕ್ಕದು. ಹಿಂದೆ ಮುಂದೆ 5 ಮಿಲಿಮೀಟರಿಗಿಂತ ಹೆಚ್ಚು ಜಾರಿದರೆ ದೊಡ್ಡದು.

ಇಷ್ಟೆಲ್ಲ ಯಾಕೆ, ನಂಬರ್ ನೋಡಿ ತಗೊಂಡರಾಗದೇ ಎಂದರೆ, ಆಗದು. ನಂಬರಿನ ಮರ್ಮ ಹೀಗಿದೆ. ಯುರೋಪಿನ ನಂಬರಿನಲ್ಲಿ (20, 21, 22) ಒಂದರಿಂದ ಒಂದಕ್ಕೆ 6.7 ಮಿಲಿಮೀಟರ್ ಅಂತರ. ಬ್ರಿಟಿಷ್ ನಂಬರಿನಲ್ಲಿ (4, 5, 6) ಅಂಗುಲದ ಮೂರನೇ ಒಂದು ಭಾಗ, ಅಂದರೆ 8.5 ಮಿಲಿಮೀಟರ್. ಪಾಪುವಿನ ಪಾದ 125 ಮಿಲಿಮೀಟರ್ ಇದೆ ಎಂದುಕೊ. ಬ್ರಿಟಿಷ್ 4ರ ಉದ್ದ ಲೆಕ್ಕದ ಪ್ರಕಾರ ಸುಮಾರು 135. ಉಳಿಯುವುದು ಹತ್ತೇ, ಬೇಗ ತುಂಬಿಹೋಗುತ್ತದೆ. 5 ಎಂದರೆ 144. 19 ಉಳಿಯಿತು, ಸಡಿಲ. ಯುರೋಪಿನ 21 ತೆಗೆದುಕೊಂಡರೆ 140. ಉಳಿಯುವುದು 15, ಹೇಳಿ ಮಾಡಿಸಿದಂತೆ. ನಮ್ಮ ಮಾರುಕಟ್ಟೆಯ ಅಗ್ಗದ ಬೂಟುಗಳಲ್ಲಿ ಅರ್ಧ ನಂಬರ್ ಸಿಗುವುದು ಅಪರೂಪ, ಹಾಗಾಗಿ ಬ್ರಿಟಿಷ್ ನಂಬರಿನಲ್ಲಿ ಸರಿಹೊಂದದ ಪಾದಕ್ಕೆ ಯುರೋಪಿನ ನಂಬರಿನದು ಕೇಳು. ಇದೂ ಕಾಗದದ ಮೇಲಿನ ಲೆಕ್ಕವೇ. ಎರಡು ಕಂಪನಿಗಳ ಒಂದೇ ನಂಬರ್ ಒಳಗಿನ ಉದ್ದದಲ್ಲಿ ಬೇರೆ ಇರುತ್ತದೆ, ಡಬ್ಬಿ ಮೇಲೆ '18–24 ತಿಂಗಳು' ಎಂದು ಬರೆದಿರುವುದಂತೂ ಯಾತಕ್ಕೂ ಬಾರದು. ಅಮೆರಿಕದಿಂದ ಯಾರಾದರೂ ಉಡುಗೊರೆ ತಂದರೆ ನೆನಪಿಡು, ಅಲ್ಲಿನ 5 ನಂಬರ್ ಬ್ರಿಟಿಷ್ 4ರ ಆಸುಪಾಸು. ಎಲ್ಲಕ್ಕೂ ಕೊನೆಯ ಮಾತು ಪಟ್ಟಿಯದೇ.

ಉದ್ದ ಸರಿಹೋದ ಮೇಲೆ ಅಗಲ. ಮಕ್ಕಳ ಪಾದ ಬೆರಳಿನ ಕಡೆಯೇ ಅಗಲ, ಮೇಲ್ಭಾಗ ಗುಂಡುಗುಂಡಗೆ ಎತ್ತರ. ಮುಂಭಾಗ ಚೂಪಾದ ಬೂಟು ಎಷ್ಟು ಚೆಂದವಿದ್ದರೂ ಕೆಳಗಿಡು. ಒಳಗಿನ ಅಟ್ಟೆ ಹೊರಗೆ ಬರುವಂತಿದ್ದರೆ ತೆಗೆದು ಅದರ ಮೇಲೆ ಪಾಪುವನ್ನು ನಿಲ್ಲಿಸು. ಕಿರುಬೆರಳು ಅಂಚಿನಾಚೆ ಚಾಚಿದರೆ ಆ ಬೂಟು ಬೇಡ. ವೆಲ್ಕ್ರೋ ಪಟ್ಟಿ ಎಳೆದಾಗ ತುದಿಯಷ್ಟೇ ಅಂಟಿಕೊಂಡರೆ ಪಾದದ ಎತ್ತರಕ್ಕೆ ಜಾಗ ಸಾಲದು ಎಂದರ್ಥ. ಬೂಟನ್ನು ಎರಡು ಕೈಯಲ್ಲಿ ಹಿಡಿದು ಬಗ್ಗಿಸು. ಬೆರಳುಗಳ ಬುಡ ಬರುವ ಕಡೆ ಸಲೀಸಾಗಿ ಬಗ್ಗಬೇಕು. ನಡುಮಧ್ಯ ಮಡಚಿಕೊಂಡರೂ ತಪ್ಪು, ಹಲಗೆಯಂತೆ ನಿಂತರೂ ತಪ್ಪು. ಹಿಮ್ಮಡಿಯ ಹಿಂದೆ ಒತ್ತಿದರೆ ಕುಸಿಯಬಾರದು.

ನಮ್ಮ ಹವೆಗೆ, ನಮ್ಮ ಜೇಬಿಗೆ ಹೊಂದುವುದು ಬೆರಳು ಮುಚ್ಚುವ, ಹಿಂದೆ ಕಟ್ಟಿರುವ, ವೆಲ್ಕ್ರೋ ಪಟ್ಟಿಯ ಸ್ಯಾಂಡಲ್. ಗಾಳಿಯಾಡುತ್ತದೆ, ಮಳೆಗಾಲದಲ್ಲಿ ಬೇಗ ಒಣಗುತ್ತದೆ, ಕಾಲ್ಚೀಲದ ಖರ್ಚಿಲ್ಲ. ಅಂಗಡಿಯವರು 'ಬೆಲ್ಲಿ' ಎಂದು ಕೊಡುವ ಫ್ರಾಕಿಗೊಪ್ಪುವ ಬೂಟು ಈಗಲೇ ಬೇಡ. ಅದರಲ್ಲಿ ಮೇಲೆ ಹಿಡಿತವೇ ಇಲ್ಲ, ಕಳಚದಿರಲೆಂದು ಮಗು ಬೆರಳು ಮುದುರಿ ಹಿಡಿದುಕೊಂಡು ನಡೆಯುತ್ತದೆ. ಕ್ರಾಕ್ಸ್ ತರಹದ, ರಬ್ಬರಿನ ಮೆತ್ತನೆಯ ಕ್ಲಾಗ್‌ಗಳಲ್ಲಿಯೂ ಹಿಡಿತ ಕಡಿಮೆ. ಮಾಲ್, ಮೆಟ್ರೋ ಎಸ್ಕಲೇಟರಿನ ಅಂಚಿಗೆ ಸಿಕ್ಕಿ ಒಳಗೆಳೆದುಕೊಂಡಿರುವುದುಂಟು, ಅದನ್ನು ಹಾಕಿದ ದಿನ ಎತ್ತಿಕೊಂಡೇ ಹತ್ತು. ನಿಮ್ಮಮ್ಮನಿಗೆ ಇಷ್ಟವಾದ ಪೀಪೀ ಬೂಟಿನ ಹಿಮ್ಮಡಿಯೊಳಗೆ ಒಂದು ಪ್ಲಾಸ್ಟಿಕ್ ಪೀಪಿ ಇರುತ್ತದೆ. ಸೋಲು ಸವೆದಾಗ ಅದು ಹೊರಬಂದು ಮಗುವಿನ ಬಾಯಿ ಸೇರಬಹುದು. ಲೈಟಿನ ಬೂಟಿನೊಳಗಿನ ಬಟನ್ ಬ್ಯಾಟರಿಯನ್ನು ನುಂಗಿದರಂತೂ ಗಂಟೆಗಳಲ್ಲೇ ಅನ್ನನಾಳ ಸುಡುತ್ತದೆ. ಎರಡೂ ನಮ್ಮ ಮನೆಗೆ ಬೇಡ.

ಬೇರೆ ಮಕ್ಕಳ ಬೂಟು ಯಾರಾದರೂ ಕೊಟ್ಟರೆ ಮರ್ಯಾದೆ ಎಂದು ಬಿಡಬೇಡ, ನೋಡಿ ತಗೋ. ನಾಮಕರಣಕ್ಕೋ ಮದುವೆಗೋ ಒಂದೆರಡು ಸಲ ಹಾಕಿದ್ದು ಹೊಸದಕ್ಕೆ ಸಮ. ಮೇಜಿನ ಮೇಲಿಟ್ಟು ಹಿಂದಿನಿಂದ ನೋಡು: ಒಂದು ಕಡೆ ವಾಲಿದ್ದರೆ, ಹಿಮ್ಮಡಿ ಓರೆ ಸವೆದಿದ್ದರೆ, ಒಳಗೆ ಬೆರಳುಗಳ ಗುಳಿ ಬಿದ್ದಿದ್ದರೆ ಅದು ಆ ಮಗುವಿನ ನಡಿಗೆಗೆ ಪಳಗಿದ ಬೂಟು, ಬೇಡ. ಅಟ್ಟದ ಮೇಲೆ ವರ್ಷಗಟ್ಟಲೆ ಇದ್ದದ್ದಾದರೆ ಸೋಲನ್ನು ಉಗುರಿನಿಂದ ಕೆರೆದು ನೋಡು. ಪಿಯು (ಪಾಲಿಯುರಿಥೇನ್ ಎಂಬ ಹಗುರ ಪ್ಲಾಸ್ಟಿಕ್) ಸೋಲು ಗಾಳಿಯ ತೇವಕ್ಕೆ ಒಳಗೊಳಗೇ ಹಾಳಾಗಿ, ಹಾಕಿದ ದಿನವೇ ಪುಡಿಪುಡಿಯಾಗುತ್ತದೆ. ಆಷಾಢದ ಸೇಲಿನಲ್ಲಿ ಅಗ್ಗಕ್ಕೆ ಸಿಕ್ಕರೆ ಮುಂದಿನ ಒಂದು ನಂಬರ್ ತೆಗೆದಿಡಬಹುದು, ಅದಕ್ಕಿಂತ ಮುಂದಿನದು ಬೇಡ. ಆ ಅಳತೆಗೆ ಬರುವಾಗ ಮಳೆಗಾಲವೋ ಬೇಸಿಗೆಯೋ, ಪಾದ ಅಗಲವಾಗಿರುತ್ತದೋ ಯಾರು ಕಂಡರು.

ಖರ್ಚಿನ ಲೆಕ್ಕಕ್ಕೆ ಬರುತ್ತೇನೆ. ಈ ವಯಸ್ಸಿನಲ್ಲಿ ಪಾದ ತಿಂಗಳಿಗೆ ಸರಾಸರಿ ಒಂದೂವರೆ ಮಿಲಿಮೀಟರ್ ಬೆಳೆಯುತ್ತದೆ, ಆದರೆ ಒಂದೇ ಸಮ ಅಲ್ಲ. ಒಂದು ತಿಂಗಳು ಸುಮ್ಮನಿದ್ದು ಇನ್ನೊಂದು ತಿಂಗಳು ಜಿಗಿಯುತ್ತದೆ. 12 ಮಿಲಿಮೀಟರ್ ಜಾಗ ಬಿಟ್ಟು ಕೊಂಡದ್ದು 6ಕ್ಕೆ ಇಳಿದಾಗ ಬದಲಿಸಬೇಕು. ಸುಮಾರು ನಾಲ್ಕು ತಿಂಗಳು ಬಂತು. ವರ್ಷಕ್ಕೆ ಮೂರು ಜೊತೆ, ₹300ರಂತೆ ₹900. ನೀನು ಒಂದು ಜೊತೆಗೆ ಹೆದರಿದ ದುಡ್ಡಿನಲ್ಲಿಯೇ ವರ್ಷ ಕಳೆಯಿತು. ಡಬ್ಬದಲ್ಲಿ ತಿಂಗಳಿಗೆ ₹75 ಹಾಕುತ್ತಾ ಹೋಗು. ಡಬ್ಬಿಯ ಮೇಲಿನ ಎಂಆರ್‌ಪಿಯಲ್ಲಿ ತೆರಿಗೆ ಸೇರಿರುತ್ತದೆ, ಅದರ ಮೇಲೆ ಯಾರಾದರೂ ಜಿಎಸ್‌ಟಿ ಕೇಳಿದರೆ ಕೊಡಬೇಡ. 2025ರ ಸೆಪ್ಟೆಂಬರ್ 22ರಿಂದ ₹2,500ರೊಳಗಿನ ಪಾದರಕ್ಷೆಗೆ ಅದು ಶೇ 5ಕ್ಕೆ ಇಳಿದಿದೆ ಕೂಡ.

ಎರಡು ವರ್ಷ ತುಂಬುವವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರರವರೆಗೆ ಎರಡು ತಿಂಗಳಿಗೊಮ್ಮೆ ಅಳೆ. ಕ್ಯಾಲೆಂಡರಿನಲ್ಲಿ ಅಮಾವಾಸ್ಯೆಯ ಚೌಕದಲ್ಲೇ ಬರೆದಿಟ್ಟರೆ ಮರೆಯುವುದಿಲ್ಲ. ನಡುವೆ ಬೂಟು ಕಳಚಿದಾಗ ಬೆರಳ ಮೇಲೆ ಕೆಂಪು ಗುರುತು ಹತ್ತು ನಿಮಿಷವಾದರೂ ಮಾಯದಿದ್ದರೆ ಅಮಾವಾಸ್ಯೆಗೆ ಕಾಯಬೇಡ. ಕಾಲ್ಚೀಲ ಹಾಕಿಸುವುದಿದ್ದರೆ ಅದನ್ನೂ ನೋಡು, ಚಿಕ್ಕದಾದ ಕಾಲ್ಚೀಲ ಚಿಕ್ಕ ಬೂಟಿನಷ್ಟೇ ಬೆರಳು ಮುದುರಿಸುತ್ತದೆ. ವೆಲ್ಕ್ರೋ ಅಂಟದಿದ್ದರೆ ಬೂಟು ಎಸೆಯಬೇಡ. ಅದರಲ್ಲಿ ಸಿಕ್ಕಿರುವ ಕೂದಲು, ನೂಲನ್ನು ಪಿನ್ನಿನಿಂದ ಎಬ್ಬಿಸಿ ಹಳೆಯ ಹಲ್ಲಿನ ಬ್ರಷ್‌ನಿಂದ ಉಜ್ಜಿದರೆ ಮತ್ತೆ ಹಿಡಿಯುತ್ತದೆ.

ಈ ಭಾನುವಾರ ಸಂಜೆ ಅಳೆದು ಎಡ, ಬಲ ಎರಡೂ ಪಾದದ ಉದ್ದವನ್ನು ಮಿಲಿಮೀಟರಿನಲ್ಲಿ ವಾಟ್ಸ್‌ಆ್ಯಪ್ ಮಾಡು. ಹಾಳೆಯ ಫೋಟೊ ಬೇಡ, ಫೋಟೊದಲ್ಲಿ ಅಳತೆ ತಿಳಿಯುವುದಿಲ್ಲ. ನಿಮ್ಮಮ್ಮ ನೀಲಿ ಬಣ್ಣದ್ದೇ ಬೇಕು ಎನ್ನುತ್ತಿದ್ದಾಳೆ. ಅಳತೆಯದು ನೀಲಿಯಲ್ಲಿ ಸಿಕ್ಕರೆ ನೀಲಿ, ಇಲ್ಲದಿದ್ದರೆ ಇದ್ದ ಬಣ್ಣ ಕಳಿಸುತ್ತೇನೆ.

ಇತಿ,
ನಿನ್ನ ಅಪ್ಪ