ಮರದಲ್ಲಿ ಕೊರೆಯಲು ನಮ್ಮೂರಿನ ನಮೂನೆ ಬೇಕು

ಮಾನ್ಯ ಸಂಪಾದಕರೇ,

ಬೇಸಿಗೆ ಶಿಬಿರಗಳ ಪ್ರಕಟಣೆಗಳನ್ನು ನಿಮ್ಮ ಪತ್ರಿಕೆಯಲ್ಲಿ ತಪ್ಪದೆ ಓದುತ್ತೇನೆ. ಚಿತ್ರಕಲೆ ಇದೆ, ಕರಾಟೆ ಇದೆ, ಕೀಬೋರ್ಡ್ ಇದೆ. ಮರಗೆಲಸ ಎಲ್ಲೂ ಕಾಣಲಿಲ್ಲ. ನಾನು ಬೆಟಗೇರಿಯಲ್ಲಿ 22 ವರ್ಷದಿಂದ ಬ್ಲೌಸ್ ಹೊಲಿಯುವವಳು. ಈಗ 2 ವರ್ಷದಿಂದ ಸಂಜೆ ಹೊತ್ತು ಸ್ಕ್ರಾಲ್ ಸಾ ಮುಂದೆ ಕೂತು ಮರ ಕೊರೆಯುತ್ತೇನೆ. ಆ ಬಗ್ಗೆ ನಿಮ್ಮಲ್ಲಿ ಒಂದು ಬೇಡಿಕೆ ಇದೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇದು ಮೇಜಿನ ಮೇಲೆ ಕೂರುವ ಗರಗಸದ ಮಷಿನ್. ಗಟ್ಟಿ ದಾರದಷ್ಟು ಸಣ್ಣ ಬ್ಲೇಡ್ ನಿಂತಲ್ಲೇ ಮೇಲೆ ಕೆಳಗೆ ಆಡುತ್ತದೆ. ಹೊಲಿಗೆ ಮಷಿನ್‌ನಲ್ಲಿ ಸೂಜಿ ನಿಂತಲ್ಲೇ ಇರುತ್ತದೆ, ಬಟ್ಟೆ ತಿರುಗಿಸುವವರು ನಾವು, ಅಲ್ವಾ? ಇಲ್ಲೂ ಹಾಗೇ. ಬಟ್ಟೆಯ ಬದಲು ಹಲಗೆ. ಅದನ್ನು ಒತ್ತಿ ಹಿಡಿಯುವ ಪಾದ ಕೂಡ ಇದೆ! ಆದರೆ ಜೋರು ಮಾಡಿ ದೂಡಬಾರದು. ದೂಡಿದರೆ ಬ್ಲೇಡ್ ಹಿಂದಕ್ಕೆ ಬಾಗಿ ಟಪ್ ಅಂತ ತುಂಡಾಗುತ್ತದೆ. ಮೊದಲ ವಾರ ನಾನು ಮುರಿದ ಬ್ಲೇಡ್ 11. ಆಮೇಲೆ ಬಿಗಿ ನೋಡುವುದನ್ನು ಕಲಿತೆ. ಬ್ಲೇಡನ್ನು ಬೆರಳಿನಿಂದ ಮೀಟಿದರೆ ಏಕತಾರಿಯ ಹಾಗೆ ಟಿಂಗ್ ಅನ್ನಬೇಕು. ಮಂಕಾದ ಸದ್ದು ಬಂದರೆ ಸಡಿಲ ಇದೆ ಅಂತ ಅರ್ಥ. ಇನ್ನೊಂದು ವಿಷಯ, ಬ್ಲೇಡಿನ ಒಂದು ಬದಿ ಸ್ವಲ್ಪ ತರಿ ಇರುತ್ತದೆ. ಹಾಗಾಗಿ ಹಲಗೆಯನ್ನು ನೆಟ್ಟಗೆ ಬಿಟ್ಟರೂ ಗೆರೆ ಪಕ್ಕಕ್ಕೆ ಸರಿಯುತ್ತದೆ. ಹಲಗೆಯನ್ನೇ ತುಸು ಓರೆ ಹಿಡಿಯಬೇಕು. ಇದು ಗೊತ್ತಿಲ್ಲದೆ ನನ್ನ ಕೈಯೇ ಸರಿ ಇಲ್ಲ ಅಂತ ಎಷ್ಟೋ ದಿನ ಅತ್ತಿದ್ದೇನೆ.

ಮಷಿನ್ ಇಲ್ಲದೆಯೂ ಶುರು ಮಾಡಬಹುದು. ನಾನು ಶುರು ಮಾಡಿದ್ದೇ ಫ್ರೆಟ್ ಸಾ ಅನ್ನೋ ಕೈಗರಗಸದಿಂದ. ಯು ಆಕಾರದ ಚೌಕಟ್ಟು, ಅದಕ್ಕೆ 5 ಇಂಚಿನ ಬ್ಲೇಡ್. ತುದಿಯಲ್ಲಿ ಅಡ್ಡ ಪಿನ್ ಇಲ್ಲದ ಆ ಬ್ಲೇಡೇ ಮುಂದೆ ನನ್ನ ಮಷಿನ್‌ಗೂ ಆಯಿತು. ಮೇಜಿನ ಅಂಚಿಗೆ ವಿ ಕೊರೆದ ಒಂದು ಹಲಗೆ ಬಿಗಿದು, ಅದರ ಮೇಲೆ 3 ಮಿ.ಮೀ. ಪ್ಲೈವುಡ್ ಇಟ್ಟು ಕೊರೆಯಬಹುದು. ಅಂಗಡಿಗೆ ಹೋಗುವವರು ಒಂದು ಮಾತು ನೆನಪಿಡಿ. ನನಗೆ ಒಂದು ಅಂಗಡಿಯಲ್ಲಿ ಸ್ಕ್ರಾಲ್ ಸಾ ಅಂತ ಹೇಳಿ ಜಿಗ್ ಸಾ ಕಟ್ಟಿಕೊಟ್ಟರು. ವಾಪಸ್ ಕೊಡಲು 3 ಸಲ ಓಡಾಡಿದೆ. ಜಿಗ್ ಸಾ ಕೈಯಲ್ಲಿ ಹಿಡಿಯುವಂಥದ್ದು, ಬ್ಲೇಡಿನ ಒಂದು ತುದಿ ಮಾತ್ರ ಬಿಗಿದಿರುತ್ತದೆ. ಸ್ಕ್ರಾಲ್ ಸಾದಲ್ಲಿ ಎರಡೂ ತುದಿ ಬಿಗಿದಿರಬೇಕು.

ನಾನು ಮೊದಲು ಕೊರೆದ ಅಕ್ಷರ "ಅವ್ವ". ಕಾಗದದ ಮೇಲೆ ದಪ್ಪಗೆ ಬರೆದು, ಪ್ಲೈಗೆ ಅಂಟಿಸಿ, ಮೇಲೆ ಪ್ಯಾಕಿಂಗ್ ಟೇಪ್ ಹಚ್ಚಿದೆ. ಟೇಪ್ ಇದ್ದರೆ ಮರ ಸುಟ್ಟು ಕಪ್ಪಾಗುವುದು ಕಡಿಮೆ. "ಅ" ಅಕ್ಷರದ ಹೊಟ್ಟೆ ತೆಗೆಯಲು ಮೊದಲು ಅಲ್ಲಿ 2 ಮಿ.ಮೀ. ತೂತು. ಬ್ಲೇಡಿನ ಮೇಲಿನ ತುದಿ ಬಿಚ್ಚಿ, ತೂತಿನಲ್ಲಿ ತೂರಿಸಿ, ಮತ್ತೆ ಬಿಗಿದು ಕೊರೆಯಬೇಕು. ಸೂಜಿಗೆ ದಾರ ಪೋಣಿಸಿದ ಹಾಗೇ. ಒಳಗಿನದೆಲ್ಲ ಮುಗಿಸಿ ಕೊನೆಗೆ ಹೊರಗೆರೆಗೆ ಬಂದೆ. ವತ್ತಿನ ಸುತ್ತ ಬ್ಲೇಡ್ ಒಂದು ಸುತ್ತು ಬಂತು. ವತ್ತು ಕಳಚಿ ಮಷಿನ್ ಕೆಳಗೆ ಬಿತ್ತು. ಕೈಯಲ್ಲಿ ಉಳಿದದ್ದು "ಅವ". ಕಾಗದದ ಮೇಲೆ ಒತ್ತಕ್ಷರ ಗಾಳಿಯಲ್ಲಿ ನಿಲ್ಲುತ್ತದೆ, ಮರದಲ್ಲಿ ನಿಲ್ಲುವುದಿಲ್ಲ. ಅದಕ್ಕೂ ಮೇಲಿನ ಅಕ್ಷರಕ್ಕೂ ಒಂದು ಸಣ್ಣ ಸೇತುವೆ ಬರೆಯಬೇಕು.

ಆ ಸೇತುವೆ ಎಲ್ಲಿ, ಎಷ್ಟು ದಪ್ಪ ಅಂತ ಹೇಳಿಕೊಡುವ ಕನ್ನಡದ ನಮೂನೆ ನನಗೆ ಒಂದೂ ಸಿಗಲಿಲ್ಲ. ಸಿಕ್ಕಿದ್ದೆಲ್ಲ ಹಿಮಸಾರಂಗ, ಕ್ರಿಸ್‌ಮಸ್ ಗಿಡ, ಹದ್ದು, ಇಂಗ್ಲಿಷ್ ಅಕ್ಷರ. ಕೊನೆಗೆ ನನಗೆ ದಾರಿ ತೋರಿಸಿದ್ದು ಕಲ್ಲು. ಇಲ್ಲಿಂದ ಸುಮಾರು 12 ಕಿ.ಮೀ. ದೂರದ ಲಕ್ಕುಂಡಿಗೆ ಹೋಗಿ ಗುಡಿಯ ಜಾಲಂಧ್ರದ, ಅಂದರೆ ತೂತು ತೂತಾಗಿ ಕೊರೆದ ಕಲ್ಲಿನ ಕಿಟಕಿಯ, ಮುಂದೆ ಅರ್ಧ ದಿನ ನಿಂತೆ. ಚಾಲುಕ್ಯರ ಕಾಲದ ಕೆಲಸ. ಅಷ್ಟು ತೂತುಗಳಿದ್ದರೂ ಒಂದು ಎಸಳೂ ಒಂಟಿಯಾಗಿಲ್ಲ. ಪ್ರತಿ ಬಳ್ಳಿಯೂ ಪಕ್ಕದ ಬಳ್ಳಿಯನ್ನು ಎಲ್ಲೋ ಒಂದು ಕಡೆ ಮುಟ್ಟಿದೆ. ನಾನು ಪ್ಲೈನಲ್ಲಿ ಪಟ್ಟ ಕಷ್ಟವನ್ನು ಆ ಕಲ್ಲುಕುಟಿಗ ಉಳಿ ಹಿಡಿದು ಬಿಡಿಸಿಟ್ಟಿದ್ದಾನೆ. ಕಸೂತಿಯ ತೇರನ್ನೂ ಕೊರೆದು ನೋಡಿದೆ. ಬಟ್ಟೆಯಲ್ಲಿ ಎಳೆಯಷ್ಟು ಇರುವ ಗೆರೆ ಮರದಲ್ಲಿ 3 ಮಿ.ಮೀ. ಆದರೂ ಇರಬೇಕು, ಇಲ್ಲದಿದ್ದರೆ ಮುರಿಯುತ್ತದೆ.

ದಯವಿಟ್ಟು ನಿಮ್ಮ ಭಾನುವಾರದ ಪುರವಣಿಯಲ್ಲಿ ತಿಂಗಳಿಗೊಂದು ನಮೂನೆ ಅಚ್ಚು ಹಾಕಿ. ಕನ್ನಡ ಅಕ್ಷರ, ಕಸೂತಿಯ ಆನೆ, ಲಕ್ಕುಂಡಿಯ ಜಾಲಂಧ್ರ. ಕತ್ತರಿಸಿ ಹಲಗೆಗೆ ಅಂಟಿಸುವ ಹಾಗೆ, ಪೂರ್ತಿ ಅಳತೆಯಲ್ಲಿ. ಶಿಬಿರ ನಡೆಸುವವರು 4 ಫ್ರೆಟ್ ಸಾ ಇಟ್ಟರೂ ಮಕ್ಕಳು ಸರದಿಯಲ್ಲಿ ಕಲಿಯುತ್ತಾರೆ. ಕಣ್ಣಿಗೆ ಕನ್ನಡಕ, ಮೂಗಿಗೆ ಎನ್ 95 ಮಾಸ್ಕ್ ಕೊಡಲೇಬೇಕು. ಮಷಿನ್ ಮುಂದೆ ಕೂರುವ ಹೆಣ್ಣುಮಕ್ಕಳು ಬಳೆ ತೆಗೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೂದಲು ಕಟ್ಟಿ ಕೂರಬೇಕು. ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಎಂಡಿಎಫ್ ಹಲಗೆ ಮಕ್ಕಳ ಕೈಗೆ ಬೇಡ. ಅದರ ಧೂಳು ತೀರಾ ಸಣ್ಣ, ಅಂಟಿನ ರಾಸಾಯನಿಕವೂ ಅದರಲ್ಲಿದೆ.

ಮೊದಲ ನಮೂನೆ ಈ ಪತ್ರದ ಜೊತೆ ಇಟ್ಟಿದ್ದೇನೆ. "ಅವ್ವ", 8 ಇಂಚು ಅಗಲ. ವತ್ತಿನ ಸೇತುವೆಗೆ ಕೆಂಪು ಗೆರೆ ಹಾಕಿದ್ದೇನೆ. ಜಾಗ ಸಾಲದು ಅಂತ ಚಿಕ್ಕದು ಮಾಡಬೇಡಿ, ಸೇತುವೆ ತೆಳ್ಳಗಾಗುತ್ತದೆ.

ನಿಮ್ಮ ಓದುಗರಲ್ಲಿ ಒಬ್ಬಳು,
ಬೆಟಗೇರಿ, ಗದಗ